ನಿರ್ಮಿಸಿದವನು ಮತ್ತು ಉಂಟುಮಾಡಿದವನು: ಜೋಬ್ ಕೊಝಾಂತಡಂ ಅವರ ಕೆಪ್ಲರ್ ಅಧ್ಯಯನದ ಕುರಿತು

ಅಕ್ಕಲಕೋಟೆ ತಾಲೂಕಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೆಯ ಇಯತ್ತೆಗೆ ಬರುವ ವಿದ್ಯಾರ್ಥಿಯ ಕೈಗೆ ಸಿಗುವ ವಿಜ್ಞಾನ ಪುಸ್ತಕ ಪುಣೆಯಲ್ಲಿ ಸಿದ್ಧವಾದದ್ದು. ಬಾಲಭಾರತಿಯ ಆ ಪುಸ್ತಕದ ಮೊದಲ ಪಾಠ ಗುರುತ್ವಾಕರ್ಷಣೆ. ಕೆಪ್ಲರನ ಮೂರು ನಿಯಮಗಳು ಅಲ್ಲಿಯೇ ಬರುತ್ತವೆ. ಗ್ರಹದ ಕಕ್ಷೆ ದೀರ್ಘವೃತ್ತ, ಸೂರ್ಯ ಅದರ ಒಂದು ನಾಭಿಯಲ್ಲಿ. ಗ್ರಹವನ್ನೂ ಸೂರ್ಯನನ್ನೂ ಕೂಡಿಸುವ ರೇಖೆ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರವನ್ನು ಆಕ್ರಮಿಸುತ್ತದೆ. ಪರಿಭ್ರಮಣ ಕಾಲದ ವರ್ಗ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ನಿಯಮಗಳು ಕನ್ನಡದಲ್ಲಿವೆ, ಸರಿಯಾಗಿವೆ, ಪರೀಕ್ಷೆಗೆ ಸಾಕಾಗುವಷ್ಟಿವೆ. ಅವು ಹೇಗೆ ಸಿಕ್ಕವು ಎಂಬ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಎಡೆಯಿಲ್ಲ. ಆ ಪ್ರಶ್ನೆಯನ್ನೇ ಕೇಂದ್ರವಾಗಿಟ್ಟುಕೊಂಡ ಒಂದು ಗಂಭೀರ ಗ್ರಂಥವೂ ಪುಣೆಯ ವಿದ್ವಾಂಸರೊಬ್ಬರಿಂದಲೇ ಬಂದಿದೆ. ಆದರೆ ಅದು ಇಂಗ್ಲಿಷಿನಲ್ಲಿದೆ. ಒಂದೇ ನಗರದಿಂದ ಗಡಿನಾಡಿನ ಓದುಗನಿಗೆ ಹೀಗೆ ಇಬ್ಬರು ಕೆಪ್ಲರರು ಬರುತ್ತಾರೆ: ಕನ್ನಡದ ಕೆಪ್ಲರನಿಗೆ ನಂಬಿಕೆಯಿಲ್ಲ, ಇಂಗ್ಲಿಷಿನ ಕೆಪ್ಲರನಿಗೆ ನಂಬಿಕೆಯೇ ಉಸಿರು. ಇವರಿಬ್ಬರನ್ನೂ ಒಟ್ಟಿಗೆ ಓದಿದಾಗ ಏಳುವ ಪ್ರಶ್ನೆಗಳು ಕೆಪ್ಲರನನ್ನು ದಾಟಿ ಕನ್ನಡದ ಚಿಂತನಶಕ್ತಿಯ ಬುಡಕ್ಕೇ ಬಂದು ನಿಲ್ಲುತ್ತವೆ.

ಜೆಸ್ಯೂಟ್ ಪಂಗಡದ ಪಾದ್ರಿ ಜೋಬ್ ಕೊಝಾಂತಡಂ ಪುಣೆಯ ಜ್ಞಾನದೀಪ ವಿದ್ಯಾಪೀಠದಲ್ಲಿ ವಿಜ್ಞಾನದ ತತ್ತ್ವಶಾಸ್ತ್ರವನ್ನು ಬೋಧಿಸಿದವರು. ವಿಜ್ಞಾನ ಮತ್ತು ಧರ್ಮಗಳ ಸಂವಾದಕ್ಕಾಗಿ ಅದೇ ನಗರದಲ್ಲಿ ಸಂಸ್ಥೆಯನ್ನು ಕಟ್ಟಿದವರು. ಅವರ 'ದಿ ಡಿಸ್ಕವರಿ ಆಫ್ ಕೆಪ್ಲರ್ಸ್ ಲಾಸ್' 1994ರಲ್ಲಿ ಅಮೆರಿಕದ ನೋತ್ರ್ ದಾಮ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದಿತು. ವಿಜ್ಞಾನ, ತತ್ತ್ವಶಾಸ್ತ್ರ ಮತ್ತು ಧರ್ಮಗಳ ಪರಸ್ಪರ ಕ್ರಿಯೆ ಎಂಬ ಅರ್ಥದ ಉಪಶೀರ್ಷಿಕೆಯಲ್ಲಿಯೇ ಗ್ರಂಥದ ಪ್ರಮೇಯ ಅಡಗಿದೆ. ಕೆಪ್ಲರನ ನಿಯಮಗಳು ಕೇವಲ ವೀಕ್ಷಣೆಯ ಅಂಕಿಗಳಿಂದ ಹುಟ್ಟಲಿಲ್ಲ. ಕೇವಲ ಗಣಿತದ ಜಾಣ್ಮೆಯಿಂದಲೂ ಹುಟ್ಟಲಿಲ್ಲ. ಸೃಷ್ಟಿಕರ್ತನ ಕುರಿತ ಕ್ರೈಸ್ತ ನಂಬಿಕೆ, ಲೋಕದ ರಚನೆಯ ಕುರಿತ ತಾತ್ವಿಕ ನಿಲುವು, ಮತ್ತು ಟೈಕೋ ಬ್ರಾಹೆಯ ಅಂಕಿಅಂಶ ಈ ಮೂರೂ ಒಂದನ್ನೊಂದು ತಿದ್ದುತ್ತ, ಒಂದಕ್ಕೊಂದು ಆಸರೆಯಾಗುತ್ತ ನಡೆದದ್ದರಿಂದ ಅವು ಸಾಧ್ಯವಾದವು ಎಂಬುದು ಆ ಪ್ರಮೇಯ.

ಕೆಪ್ಲರನ ಬದುಕು ಈ ವಾದಕ್ಕೆ ಹೇಳಿ ಮಾಡಿಸಿದಂತಿದೆ. 1571ರಲ್ಲಿ ಜರ್ಮನಿಯ ವೈಲ್ ದೆರ್ ಷ್ಟಾಟ್‌ನಲ್ಲಿ ಹುಟ್ಟಿದ ಅವನು ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿ ಲೂಥರನ್ ಬೋಧಕನಾಗಬೇಕೆಂದಿದ್ದ. 1594ರಲ್ಲಿ ಅವನನ್ನು ಗ್ರಾಟ್ಸ್ ನಗರಕ್ಕೆ ಗಣಿತದ ಉಪಾಧ್ಯಾಯನಾಗಿ ಕಳುಹಿಸಲಾಯಿತು. ಮೊದಲು ಇದು ಅವನಿಗೆ ಹಿನ್ನಡೆಯಾಗಿ ಕಂಡಿತು. ಬಳಿಕ, ಖಗೋಳಶಾಸ್ತ್ರವೂ ದೇವರನ್ನು ಸ್ತುತಿಸುವ ಒಂದು ದಾರಿ ಎಂದು ಅವನು ತನ್ನ ಗುರು ಮೆಸ್ಟ್ಲಿನ್‌ಗೆ ಬರೆದ. ಅವನ ದೃಷ್ಟಿಯಲ್ಲಿ ಗೋಳವು ತ್ರಿಯೇಕತ್ವದ ಪ್ರತಿರೂಪ: ಕೇಂದ್ರ ತಂದೆ, ಹೊರಮೈ ಮಗ, ನಡುವಣ ಅವಕಾಶ ಪವಿತ್ರಾತ್ಮ. ವಿಶ್ವಗೋಳದ ಕೇಂದ್ರದಲ್ಲಿರುವ ಸೂರ್ಯ ಹೀಗೆ ತಂದೆಯ ಸ್ಥಾನದಲ್ಲಿ ನಿಲ್ಲುತ್ತಾನೆ. ಅಲ್ಲಿಂದಲೇ ಗ್ರಹಗಳನ್ನು ಚಲಿಸುವ ಶಕ್ತಿ ಹೊರಡಬೇಕು.

ಇದನ್ನು ಬರಿಯ ಭಕ್ತಿಯ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಕೋಪರ್ನಿಕಸ್ ಗ್ರಹಗಳ ಚಲನೆಯನ್ನು ಲೆಕ್ಕ ಹಾಕಿದ್ದು ಸೂರ್ಯನಿಂದಲ್ಲ, ಭೂಮಿಯ ಕಕ್ಷೆಯ ಕೇಂದ್ರವಾದ ಒಂದು ಗಣಿತಬಿಂದುವಿನಿಂದ. ಆ ಬಿಂದುವಿನಲ್ಲಿ ಯಾವ ವಸ್ತುವೂ ಇಲ್ಲ. ಏನೂ ಇಲ್ಲದ ಬಿಂದು ಗ್ರಹವನ್ನು ನಡೆಸಲಾರದು ಎಂದು ನಿಶ್ಚಯಿಸಿದ ಕೆಪ್ಲರ್ ಎಲ್ಲ ಲೆಕ್ಕವನ್ನೂ ನಿಜವಾದ ಸೂರ್ಯನಿಗೆ ಹೊಂದಿಸಿದ. ಮುಂದಿನ ಎರಡೂ ನಿಯಮಗಳಿಗೆ ದಾರಿ ತೆರೆದದ್ದು ಈ ಒಂದು ತಾಂತ್ರಿಕ ಹೆಜ್ಜೆ. ಅದರ ಹಿಂದೆ ಸೂರ್ಯನ ಕುರಿತ ನಂಬಿಕೆಯೂ ಭೌತಿಕ ಕಾರಣದ ಕುರಿತ ತಾತ್ವಿಕ ಹಟವೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿದ್ದವು.

ಇನ್ನೂ ಸೂಕ್ಷ್ಮವಾದದ್ದು ಎಂಟು ಕಲೆಗಳ ಪ್ರಸಂಗ. 1600ರಲ್ಲಿ ಗ್ರಾಟ್ಸ್‌ನಿಂದ ಹೊರದೂಡಲ್ಪಟ್ಟ ಕೆಪ್ಲರ್ ಪ್ರಾಗ್ ನಗರದಲ್ಲಿ ಟೈಕೋನನ್ನು ಸೇರಿ ಮಂಗಳ ಗ್ರಹದ ಲೆಕ್ಕಕ್ಕೆ ಕೈಹಾಕಿದ. ಮರುವರ್ಷವೇ ಟೈಕೋ ತೀರಿಕೊಂಡ. ವೃತ್ತಾಕಾರದ ಕಕ್ಷೆಯನ್ನು ಹಿಡಿದು ಹಾಕಿದ ಲೆಕ್ಕ ಒಂದು ಹಂತದಲ್ಲಿ ವೀಕ್ಷಣೆಗಿಂತ ಎಂಟು ಕಲೆ ದೂರ ಉಳಿಯಿತು. ಹುಣ್ಣಿಮೆಯ ಚಂದ್ರಬಿಂಬದ ಅಗಲದ ಸುಮಾರು ಕಾಲುಭಾಗ ಅದು; ಹಿಂದಿನ ಯಾವ ಜ್ಯೋತಿಷಿಯೂ ಅದನ್ನು ತಪ್ಪೆಂದು ಎಣಿಸುತ್ತಿರಲಿಲ್ಲ. ಕೆಪ್ಲರ್ ಎಣಿಸಿದ. ಟೈಕೋನಂತಹ ನಿಷ್ಠುರ ವೀಕ್ಷಕನನ್ನು ಕೊಟ್ಟದ್ದು ದೇವರ ಕರುಣೆ, ಆ ಕೊಡುಗೆಯನ್ನು ಕಡೆಗಣಿಸುವುದು ಕೃತಘ್ನತೆ ಎಂಬುದು 1609ರ 'ಆಸ್ಟ್ರೊನೋಮಿಯಾ ನೋವಾ'ದಲ್ಲಿ ಅವನೇ ಕೊಡುವ ಕಾರಣ. ಎರಡು ಸಾವಿರ ವರ್ಷ ಖಗೋಳವನ್ನು ಆಳಿದ ವೃತ್ತವನ್ನು ಎಂಟು ಕಲೆಗಳಿಗಾಗಿ ಬಿಟ್ಟುಕೊಟ್ಟ ಧೈರ್ಯದ ಹಿಂದೆ, ಲೋಕ ಒಬ್ಬ ನಿಖರ ಕರ್ತೃವಿನ ಕೆಲಸ, ಅಲ್ಲಿ ಸಣ್ಣ ತಪ್ಪಿಗೂ ಅರ್ಥವಿದೆ ಎಂಬ ಭರವಸೆಯಿತ್ತು.

ಕೊಝಾಂತಡಂ ಅವರ ಕೃತಿಯ ಹೆಚ್ಚುಗಾರಿಕೆ ಇರುವುದು ಇಂತಹ ಪ್ರಸಂಗಗಳಿಗೆ ಸಲ್ಲಬೇಕಾದ ತೂಕವನ್ನು ಸಲ್ಲಿಸುವಲ್ಲಿ. ವಿಜ್ಞಾನವೂ ಧರ್ಮವೂ ಹುಟ್ಟುಹಗೆಗಳೆಂಬ ಕಥನವನ್ನು 1874ರಲ್ಲಿ ಡ್ರೇಪರ್, 1896ರಲ್ಲಿ ವೈಟ್ ಬಲವಾಗಿ ಬರೆದಿಟ್ಟರು. ಭಾರತದ ಸುಶಿಕ್ಷಿತರ ನಡುವೆ ಅದು ಇಂದಿಗೂ ತನಿಖೆಯಿಲ್ಲದೆ ಚಲಾವಣೆಯಲ್ಲಿದೆ. ಆ ಕಥನಕ್ಕೆ ಕೊಝಾಂತಡಂ ಕೊಡುವ ಉತ್ತರ ಘೋಷಣೆಯಲ್ಲ, ಒಂದೇ ಒಂದು ಪ್ರಕರಣದ ತಾಳ್ಮೆಯ ಪರಿಶೀಲನೆ. ಧರ್ಮಶ್ರದ್ಧೆಯುಳ್ಳ ವಿದ್ವಾಂಸನೊಬ್ಬ ತನ್ನ ಶ್ರದ್ಧೆಯ ಸಮರ್ಥನೆಗೆ ಹೊರಟಾಗ ಸಾಮಾನ್ಯವಾಗಿ ಎಡವುವುದು ಗಣಿತದ ಭಾಗದಲ್ಲಿ. ಈ ಗ್ರಂಥ ಅಲ್ಲಿ ಎಡವುವುದಿಲ್ಲ.

ಹಾಗಿದ್ದರೂ ಪ್ರಮೇಯವನ್ನು ಇಡಿಯಾಗಿ ಒಪ್ಪುವ ಮೊದಲು ಎರಡು ತೊಡಕುಗಳನ್ನು ಎದುರಿಸಬೇಕಾಗುತ್ತದೆ.

ಮೊದಲನೆಯದು, ನಂಬಿಕೆ ಮಾಡಿದ ಕೆಲಸ ಯಾವುದು ಎಂಬುದು. 1596ರ 'ಮಿಸ್ಟೀರಿಯಂ ಕಾಸ್ಮೊಗ್ರಾಫಿಕಂ' ಕೃತಿಯಲ್ಲಿ ಕೆಪ್ಲರ್ ಆರು ಗ್ರಹಗಳ ನಡುವಣ ಐದು ಅಂತರಗಳಿಗೆ ಐದು ಸಮಘನಾಕೃತಿಗಳನ್ನು ಹೊಂದಿಸಿದ. ಸೃಷ್ಟಿಕರ್ತ ಕ್ಷೇತ್ರಗಣಿತಜ್ಞನಾದ್ದರಿಂದ ಗ್ರಹಗಳು ಆರೇ ಇರಬೇಕು ಎಂಬುದು ಅಲ್ಲಿಯ ತರ್ಕ. 1781ರಲ್ಲಿ ಯುರೇನಸ್ ಕಂಡುಬಂದಾಗ ಆ ತರ್ಕಕ್ಕೆ ಉಳಿಗಾಲವಿರಲಿಲ್ಲ. ಸೂರ್ಯನಿಂದ ಹೊರಡುವ ಶಕ್ತಿಯ ಬಗೆಗೆ ಅವನು ಊಹಿಸಿದ ನಿಯಮವೂ ಸರಿಯಲ್ಲ. ಆದರೆ ಆ ತಪ್ಪು ಊಹೆಯ ಮೂಲಕವೇ ಸಮಾನ ಕ್ಷೇತ್ರದ ಸರಿಯಾದ ನಿಯಮಕ್ಕೆ ಅವನು ಬಂದು ಸೇರಿದ. ಒಂದೇ ನಂಬಿಕೆ ಸತ್ಯವನ್ನೂ ಹೆತ್ತಿದೆ, ಸುಳ್ಳನ್ನೂ ಹೆತ್ತಿದೆ. ಎರಡರಲ್ಲಿ ಯಾವುದು ಉಳಿಯಬೇಕೆಂದು ತೀರ್ಮಾನಿಸಿದ್ದು ಮಾತ್ರ ಟೈಕೋನ ಅಂಕಿಗಳು. ಹಾಗಾದರೆ ನಂಬಿಕೆ, ತತ್ತ್ವ, ವೀಕ್ಷಣೆ ಮೂರೂ ಸಮಾನ ಪಾಲುದಾರರೆಂಬ ಚಿತ್ರಕ್ಕೆ ತಿದ್ದುಪಡಿ ಬೇಕು. ನಂಬಿಕೆ ಹುಡುಕಾಟಕ್ಕೆ ಹೊರಡಿಸಿತು, ಹುಡುಕಾಟದಲ್ಲಿ ಸೋಲದಂತೆ ಕಾಯಿತು. ಸಿಕ್ಕದ್ದು ನಿಜವೇ ಎಂಬ ತೀರ್ಪನ್ನು ಅದು ಕೊಡಲಿಲ್ಲ.

ಈ ಮಾತಿಗೆ ಸಾಕ್ಷಿ ಹುಡುಕಲು ಯುರೋಪಿನವರೆಗೆ ಹೋಗಬೇಕಾಗಿಲ್ಲ. ನರಗುಂದದಲ್ಲಿ 1854ರಲ್ಲಿ ಹುಟ್ಟಿ, ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದು, 1930ರಲ್ಲಿ ವಿಜಾಪುರದಲ್ಲಿ ತೀರಿಕೊಂಡ ವೆಂಕಟೇಶ ಬಾಪೂಜಿ ಕೇತಕರರು ಪಾಶ್ಚಾತ್ಯ ಖಗೋಳದ ಕೋಷ್ಟಕಗಳನ್ನು ಆಧರಿಸಿ 'ಜ್ಯೋತಿರ್ಗಣಿತ', 'ಕೇತಕೀ ಗ್ರಹಗಣಿತ' ಮೊದಲಾದ ಗ್ರಂಥಗಳನ್ನು ಸಂಸ್ಕೃತದಲ್ಲಿ ರಚಿಸಿದರು. ದೃಗ್ಗಣಿತದ ಪಂಚಾಂಗಗಳಿಗೆ ಅವು ಆಧಾರವಾದವು. ಸೊಲ್ಲಾಪುರದಿಂದ ಒಂದು ಶತಮಾನ ಕಾಲ ಹೊರಡುತ್ತ ಬಂದಿರುವ ದಾತೆ ಪಂಚಾಂಗವೂ ಸೂಕ್ಷ್ಮಗಣಿತವನ್ನು ಒಪ್ಪಿಕೊಂಡದ್ದೇ. ಸಂಕಷ್ಟಿಯ ಚಂದ್ರೋದಯವನ್ನು ನೋಡಲು ಸೊಲ್ಲಾಪುರದ ಗೃಹಿಣಿ ಪಂಚಾಂಗ ತೆರೆದಾಗ, ಆ ವೇಳೆಯ ಹಿಂದೆ ಕೆಪ್ಲರನ ದೀರ್ಘವೃತ್ತವಿದೆ. ಆದರೆ ತ್ರಿಯೇಕತ್ವದ ಗೋಳವಿಲ್ಲ. ನಿಯಮ ಗಡಿ ದಾಟಿ ಬಂದಿತು, ಅದನ್ನು ಹೆತ್ತ ನಂಬಿಕೆ ಬರಲಿಲ್ಲ. ಮತ್ತೊಂದು ನಂಬಿಕೆಯ ಮನೆಯಲ್ಲಿ ಅದು ಯಾವ ಕೊರತೆಯೂ ಇಲ್ಲದೆ ದುಡಿಯುತ್ತಿದೆ. ಗ್ರಾಟ್ಸ್‌ನಲ್ಲಿದ್ದಾಗ ಕೆಪ್ಲರನೂ ವರ್ಷಫಲ ಸಹಿತವಾದ ಪಂಚಾಂಗಗಳನ್ನು ಬರೆಯುವ ಕೆಲಸ ಮಾಡುತ್ತಿದ್ದ ಎಂಬುದನ್ನು ನೆನೆದರೆ, ಈ ಹೋಲಿಕೆ ಅವನಿಗೆ ಅಪರಿಚಿತವೆನಿಸುತ್ತಿರಲಿಲ್ಲ.

ಕೊಝಾಂತಡಂ ಅವರ ಪರವಾಗಿ ಇದಕ್ಕೊಂದು ಉತ್ತರ ಹೇಳಬಹುದು. ಗ್ರಂಥ ಮಾತನಾಡುವುದು ಶೋಧದ ಬಗೆಗೆ, ಬಳಕೆಯ ಬಗೆಗೆ ಅಲ್ಲ. ಕಟ್ಟಿದ ಮನೆಯಲ್ಲಿ ಯಾರೂ ವಾಸಿಸಬಹುದು. ಕಟ್ಟಿದವನ ಪ್ರಶ್ನೆ ಬೇರೆ. ಉತ್ತರ ನ್ಯಾಯವಾದದ್ದೇ. ಆದರೆ ಅದನ್ನು ಒಪ್ಪಿದೊಡನೆ ಪ್ರಮೇಯದ ವ್ಯಾಪ್ತಿಯೂ ಕಿರಿದಾಗುತ್ತದೆ. ಕೆಪ್ಲರನ ಮನಸ್ಸಿಗೆ ಕ್ರೈಸ್ತ ಸೃಷ್ಟಿನಂಬಿಕೆ ಅಗತ್ಯವಾಗಿತ್ತು ಎಂಬುದು ಸಿದ್ಧವಾಗುತ್ತದೆ. ವಿಜ್ಞಾನಕ್ಕೆ ಅದು ಅಗತ್ಯ ಎಂಬುದು ಸಿದ್ಧವಾಗುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ಅಳಿಸಿದರೆ ಇತಿಹಾಸ ಸಮರ್ಥನೆಯಾಗಿ ಬದಲಾಗುತ್ತದೆ. ವಿಜ್ಞಾನ-ಧರ್ಮ ಸಂವಾದದ ಬರಹಗಳಲ್ಲಿ ಈ ಜಾರುವಿಕೆ ಎಷ್ಟು ಸಾಮಾನ್ಯವೆಂದರೆ, ಗ್ರಂಥದ ಓದುಗ ಎಚ್ಚರವಿಲ್ಲದಿದ್ದರೆ ಲೇಖಕ ಹೇಳದ್ದನ್ನೂ ಹೇಳಿದ್ದಾನೆಂದು ತಿಳಿದು ಪುಸ್ತಕ ಮುಚ್ಚುವ ಸಂಭವವಿದೆ.

ಎರಡನೆಯ ತೊಡಕು ಇನ್ನೂ ಆಳವಾದದ್ದು, ಮತ್ತು ಅದು ಸ್ಪಷ್ಟವಾಗುವುದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ 'ಕ್ರಿಯೇಷನ್' ಒಂದೇ ಪದ. ಕನ್ನಡದಲ್ಲಿ ಅದೇ ವಿಚಾರಕ್ಕೆ ಮೂರು ಕ್ರಿಯಾಪದಗಳಿವೆ, ಮೂರೂ ಬೇರೆ ಬೇರೆ ಮಾತನ್ನು ಹೇಳುತ್ತವೆ. 'ಸೃಷ್ಟಿಸು' ಎಂಬುದರ ಧಾತು ಸೃಜ್. ಬಿಡು, ಹೊರಹೊಮ್ಮಿಸು ಎಂದು ಅದರ ಅರ್ಥ. ಜೇಡ ತನ್ನೊಳಗಿನ ನೂಲನ್ನು ಹೊರಬಿಟ್ಟು ಮತ್ತೆ ಒಳಗೆಳೆದುಕೊಳ್ಳುವ ಮುಂಡಕೋಪನಿಷತ್ತಿನ ದೃಷ್ಟಾಂತ ಈ ಧಾತುವನ್ನೇ ಬಳಸುತ್ತದೆ. ಅಲ್ಲಿ ಲೋಕ ಕರ್ತೃವಿನಿಂದ ಬೇರೆಯಲ್ಲ. 'ನಿರ್ಮಿಸು' ಎಂಬುದರ ಧಾತು ಮಾ. ಅಳೆ ಎಂದು ಅರ್ಥ. ಅಳೆದು, ಯೋಜಿಸಿ, ಕಟ್ಟುವ ಕೆಲಸ ಅದು. 'ಉಂಟುಮಾಡು' ಅಚ್ಚಗನ್ನಡ, ಇರುವಿಕೆಯನ್ನು ಸೂಚಿಸುವ 'ಉಳ್' ಧಾತುವಿನಿಂದ ಬಂದ 'ಉಂಟು' ಅದರ ಒಳಗಿದೆ. ಹೇಗೆ ಮಾಡಿದ, ಯಾವುದರಿಂದ ಮಾಡಿದ ಎಂಬ ಯಾವ ಸುಳಿವನ್ನೂ ಕೊಡದೆ, ಇಲ್ಲದ್ದು ಇರುವಂತಾಯಿತು ಎಂದಷ್ಟೇ ಅದು ಹೇಳುತ್ತದೆ.

ರೂಢಿಯಲ್ಲಿರುವ ಕನ್ನಡ ಬೈಬಲ್ಲಿನ ಹಳೆಯ ಅನುವಾದ ಆದಿಕಾಂಡದ ಮೊದಲ ವಾಕ್ಯಕ್ಕೆ ಈ ಮೂರನೆಯ ಪದವನ್ನೇ ಆರಿಸಿಕೊಂಡದ್ದು ಗಮನಾರ್ಹ. ಹೀಬ್ರೂ ಮೂಲದ 'ಬಾರಾ' ಎಂಬ ಕ್ರಿಯಾಪದ ಆ ಅರ್ಥದಲ್ಲಿ ದೇವರೊಬ್ಬನೇ ಕರ್ತೃವಾಗಿರುವಲ್ಲಿ ಮಾತ್ರ ಬರುತ್ತದೆ; ಕುಂಬಾರನೋ ಬಡಗಿಯೋ ಮಾಡುವ ಕೆಲಸಕ್ಕೆ ಅದು ಸಲ್ಲದು. 'ಉಂಟುಮಾಡು' ಆ ಅಂತರವನ್ನು ಬಹುಮಟ್ಟಿಗೆ ಹಿಡಿದಿಡುತ್ತದೆ. ಅಮೆರಿಕನ್ ಮರಾಠಿ ಮಿಷನ್ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಯೂರಿದ ಸೊಲ್ಲಾಪುರದಲ್ಲಿ ಅದೇ ವಾಕ್ಯ ಮರಾಠಿಯಲ್ಲಿ ಕೇಳಿಬರುತ್ತದೆ, 'ಉತ್ಪನ್ನ ಕರಣೇ' ಎಂಬ ಕ್ರಿಯಾಪದದೊಂದಿಗೆ. ತಹಸೀಲ ಕಚೇರಿಯಲ್ಲಿ ಆದಾಯದ ದಾಖಲೆಗೆ ನಿಂತವನಿಗೂ 'ಉತ್ಪನ್ನ'ವೇ ಪದ. ಎರಡೂ ಭಾಷೆಗಳನ್ನು ಬಲ್ಲ ಗಡಿನಾಡಿನ ಕಿವಿಗೆ ಮರಾಠಿಯಲ್ಲಿ ಬೆಳೆಯ ಧ್ವನಿಯೂ ಕನ್ನಡದಲ್ಲಿ ಇರವಿನ ಧ್ವನಿಯೂ ಕೇಳಿಸುತ್ತದೆ.

ಈ ಬೆಳಕಿನಲ್ಲಿ ನೋಡಿದರೆ ಕೆಪ್ಲರನ ದೇವರು ಸ್ಪಷ್ಟವಾಗಿ ನಿರ್ಮಿಸಿದ ದೇವರು. ಅವನು ಅಳೆಯುತ್ತಾನೆ, ಆಕೃತಿಗಳನ್ನು ಜೋಡಿಸುತ್ತಾನೆ. ಅವನ ಲೋಕ ಗಡಿಯಾರವನ್ನು ಹೋಲುತ್ತದೆ ಎಂದು ಕೆಪ್ಲರ್ ಸ್ವತಃ 1605ರ ಪತ್ರವೊಂದರಲ್ಲಿ ಬರೆದ. ಆದರೆ ಕ್ರೈಸ್ತ ದೇವಶಾಸ್ತ್ರದ ಪ್ರಧಾನ ಪರಂಪರೆಯಲ್ಲಿ ಸೃಷ್ಟಿಯೆಂದರೆ ವಿನ್ಯಾಸವಲ್ಲ. ಹದಿಮೂರನೆಯ ಶತಮಾನದ ತೋಮಾಸ್ ಅಕ್ವಿನಾಸ್ ಸೃಷ್ಟಿ ಒಂದು ಬದಲಾವಣೆಯೇ ಅಲ್ಲ ಎಂದು ವಾದಿಸಿದ. ಬದಲಾಗಲು ಮೊದಲೇ ಏನಾದರೂ ಇರಬೇಕು. ಸೃಷ್ಟಿಯೆಂದರೆ ಇರುವುದೆಲ್ಲ ತನ್ನ ಇರವಿಗಾಗಿ ದೇವರನ್ನು ಅವಲಂಬಿಸಿರುವ ಸಂಬಂಧ. ಲೋಕಕ್ಕೆ ಆರಂಭವೇ ಇಲ್ಲದಿದ್ದರೂ ಅದು ಸೃಷ್ಟಿಯೇ ಆಗಿರಬಹುದೆಂಬ ಮಟ್ಟಕ್ಕೂ ಅವನು ಹೋದ. ಇದು ಉಂಟುಮಾಡಿದ ದೇವರ ಮಾತು. ವಿಜ್ಞಾನ ಪರಿಶೀಲಿಸುವುದು ಬದಲಾವಣೆಗಳನ್ನು; 'ಉಂಟು' ಎಂಬುದನ್ನು ಅದು ತನ್ನ ಕೆಲಸಕ್ಕೆ ಮೊದಲೇ ಒಪ್ಪಿಕೊಂಡಿರುತ್ತದೆ. ಆದ್ದರಿಂದ ನಿರ್ಮಿಸಿದ ದೇವರು ಪ್ರತಿ ಹೊಸ ಶೋಧದ ಎದುರೂ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ, ಯುರೇನಸ್ಸಿನ ಎದುರು ಐದು ಘನಾಕೃತಿಗಳು ನಿಂತಂತೆ. ಉಂಟುಮಾಡಿದ ದೇವರು ಆ ಪರೀಕ್ಷೆಗೆ ಸಿಗುವವನೂ ಅಲ್ಲ, ಅದರಲ್ಲಿ ಗೆದ್ದು ಬೀಗುವವನೂ ಅಲ್ಲ.

ಕೆಪ್ಲರನನ್ನೇ ಮಾದರಿಯಾಗಿ ಹಿಡಿದ ಸಂವಾದ ಈ ಎರಡು ಅರ್ಥಗಳನ್ನು ಬೇರ್ಪಡಿಸದೆ ಹೋದರೆ ಆಗುವ ಅನಾಹುತಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಉದಾಹರಣೆಯಿದೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ, ಅದು ಒಂದು ಆದಿಮ ಪರಮಾಣುವಿನಿಂದ ಹೊರಟಿರಬೇಕೆಂದು 1931ರಲ್ಲಿ ಮಂಡಿಸಿದ ಜಾರ್ಜ್ ಲೆಮೇತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಖಗೋಳವಿಜ್ಞಾನದಲ್ಲಿ ಸೃಷ್ಟಿಕರ್ತನಿಗೆ ಸಾಕ್ಷ್ಯ ಕಂಡಂತೆ ಮಾತನಾಡಿದಾಗ ಲೆಮೇತ್ರ್‌ಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗೆ ನಿಲ್ಲಬೇಕೆಂಬುದು ಅವನ ನಿಲುವು. ಮೊದಲ ಕ್ಷಣದ ಭೌತಶಾಸ್ತ್ರ ಬೇರೆ, ಇರವಿನ ಮೂಲ ಬೇರೆ ಎಂಬುದು ಪಾದ್ರಿಯೂ ವಿಜ್ಞಾನಿಯೂ ಆಗಿದ್ದವನಿಗೆ ಹೊಳೆದಿತ್ತು. ಕೊಝಾಂತಡಂ ಅವರ ಗ್ರಂಥ ತನ್ನ ನಾಯಕನನ್ನು ಅಷ್ಟು ಪ್ರೀತಿಯಿಂದ ಅನುಸರಿಸುವುದರಿಂದಲೇ, ನಾಯಕನ ದೇವಶಾಸ್ತ್ರವನ್ನು ಅದೇ ಪರಂಪರೆಯ ಅಕ್ವಿನಾಸ್‌ನ ಎದುರು ನಿಲ್ಲಿಸಿ ಪರೀಕ್ಷಿಸುವ ಕೆಲಸ ಮುಂದಿನವರಿಗೆ ಉಳಿಯುತ್ತದೆ.

ಆ ಕೆಲಸ ಸೊಲ್ಲಾಪುರದಲ್ಲಿ ನಡೆದರೆ ಇನ್ನೊಂದು ಪದವನ್ನೂ ಎಚ್ಚರದಿಂದ ನೋಡಬೇಕು. ಏನೂ ಇಲ್ಲದಲ್ಲಿಂದ ಸೃಷ್ಟಿ ಎಂಬ ಕ್ರೈಸ್ತ ತತ್ತ್ವವನ್ನು 'ಶೂನ್ಯದಿಂದ ಸೃಷ್ಟಿ' ಎಂದು ಕನ್ನಡಿಸುವುದು ಸುಲಭ. ಆದರೆ ಸೊಲ್ಲಾಪುರ ಸಿದ್ಧರಾಮನ ಸೊನ್ನಲಿಗೆ. ಕೆರೆ ತೋಡಿಸಿ, ಲಿಂಗಗಳನ್ನು ಸ್ಥಾಪಿಸಿ ಕರ್ಮಯೋಗಿಯಾಗಿ ಮೆರೆದ ಸಿದ್ಧರಾಮನನ್ನು ಅಲ್ಲಮ ಹೊರಗಿನ ಕಟ್ಟಡದಿಂದ ಒಳಗಿನ ಅರಿವಿನ ಕಡೆಗೆ ತಿರುಗಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಗಳು ವಿವರಿಸುತ್ತವೆ. ಅಲ್ಲಿ ಶೂನ್ಯವೆಂದರೆ ಇಲ್ಲದಿರುವುದಲ್ಲ. ಹೆಸರು, ರೂಪ, ಎರಡೆಂಬ ಭಾವ ಅಳಿದ ಪೂರ್ಣತೆ. ಶೂನ್ಯ ಸಂಪಾದಿಸಬೇಕಾದದ್ದು, ಬಿಟ್ಟು ಹೊರಡಬೇಕಾದದ್ದಲ್ಲ. ಆ ಪದವನ್ನು ಲ್ಯಾಟಿನ್ನಿನ 'ನಿಹಿಲೋ'ಗೆ ಸಮನಾಗಿ ಇಟ್ಟರೆ ಕ್ರೈಸ್ತ ತತ್ತ್ವವೂ ಕೆಡುತ್ತದೆ, ಶರಣರ ತತ್ತ್ವವೂ ಕೆಡುತ್ತದೆ. 'ಇಲ್ಲ' ಮತ್ತು 'ಉಂಟು' ಎಂಬ ಮನೆಮಾತಿನ ಜೋಡಿ ಇಲ್ಲಿ ಸಂಸ್ಕೃತದ ಪಾರಿಭಾಷಿಕಕ್ಕಿಂತ ನಿಖರ. ದತ್ತಸಂಪ್ರದಾಯದ ಅಕ್ಕಲಕೋಟೆಯಲ್ಲಿಯೂ ಇದೇ ಎಚ್ಚರ ಬೇಕು: ಸೃಷ್ಟಿ, ಸ್ಥಿತಿ, ಲಯಗಳನ್ನು ಒಂದೇ ಮೂರ್ತಿಯಲ್ಲಿ ಕಾಣುವ ದತ್ತಭಾವಕ್ಕೂ ಕೆಪ್ಲರನ ಗೋಳದ ತ್ರಿಯೇಕತ್ವಕ್ಕೂ ಮೂರೆಂಬ ಸಂಖ್ಯೆ ಸಮಾನ. ಸಂಖ್ಯೆಯ ಹೋಲಿಕೆ ತತ್ತ್ವದ ಹೋಲಿಕೆಯಾಗುವುದಿಲ್ಲ.

ಈ ಭೇದಗಳು ಕೇವಲ ಪದಚರ್ಚೆಯೆಂದು ತೋರಬಹುದು. ಆದರೆ ಗಡಿನಾಡಿನಲ್ಲಿ ಕನ್ನಡ ಇಂದು ಎದುರಿಸುತ್ತಿರುವ ಪ್ರಶ್ನೆಯ ಒಂದು ಮುಖ ಇದೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಉನ್ನತ ವ್ಯಾಸಂಗದಲ್ಲಿ ಇಂಗ್ಲಿಷ್ ಎಂಬ ಹಂಚಿಕೆ ಸ್ಥಿರವಾದಷ್ಟೂ, ಕನ್ನಡದಲ್ಲಿ ನಿಯಮವನ್ನು ಬಾಯಿಪಾಠ ಮಾಡಬಹುದು, ನಿಯಮದ ಬಗೆಗೆ ಯೋಚಿಸಲು ಮಾತ್ರ ಬೇರೆ ಭಾಷೆಗೆ ಹೋಗಬೇಕು ಎಂಬ ಭಾವನೆ ಬೇರುಬಿಡುತ್ತದೆ. ಕೊಝಾಂತಡಂ ಅವರ ಗ್ರಂಥವನ್ನು ಕನ್ನಡದ ಕಣ್ಣಿನಿಂದ ಓದಿದಾಗ ಕಾಣುವುದು ಇದಕ್ಕೆ ತದ್ವಿರುದ್ಧ. ಇಂಗ್ಲಿಷಿನ ಒಂದೇ ಪದದ ಕೆಳಗೆ ಮರೆಯಾದ ತಾತ್ವಿಕ ತೊಡಕನ್ನು ಎತ್ತಿ ತೋರಿಸಿದ್ದು ಅಕ್ಕಲಕೋಟೆಯ ಯಾವ ಮನೆಯಲ್ಲೂ ಕೇಳಬಹುದಾದ 'ಉಂಟು' ಎಂಬ ಮಾತು.

ಗ್ರಂಥದ ಸಾಧನೆಯನ್ನು ಈ ಆಕ್ಷೇಪಗಳು ಕುಗ್ಗಿಸುವುದಿಲ್ಲ. ನಂಬಿಕೆ ಶೋಧದ ಶತ್ರುವಲ್ಲ ಎಂಬುದನ್ನು ಅದು ಮಂಗಳನ ಕಕ್ಷೆಯ ಪ್ರತಿ ತಿರುವಿನಲ್ಲಿಯೂ ತೋರಿಸಿಕೊಟ್ಟಿದೆ. ಅದು ಎಬ್ಬಿಸಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅದರೊಳಗೇ ಇದೆ. ಉಳಿದರ್ಧಕ್ಕೆ ಕೆಪ್ಲರನ ಲ್ಯಾಟಿನ್ನಿನಷ್ಟೇ ಶ್ರದ್ಧೆಯಿಂದ ಈ ನಾಡಿನ ಭಾಷೆಗಳನ್ನೂ ಓದಬೇಕಾಗಿದೆ. ಪುಣೆಯಿಂದ ಬರುವ ಇಬ್ಬರು ಕೆಪ್ಲರರನ್ನು ಒಂದೇ ಪುಟದಲ್ಲಿ ಕೂಡಿಸುವ ಪುಸ್ತಕ ಕನ್ನಡದಲ್ಲಿ ಬಂದ ದಿನ, ಹತ್ತನೆಯ ಇಯತ್ತೆಯ ಆ ವಿದ್ಯಾರ್ಥಿಗೆ ನಿಯಮದ ಜೊತೆಗೆ ಎಂಟು ಕಲೆಗಳ ಕಥೆಯೂ ಸಿಗುತ್ತದೆ. ಅಷ್ಟು ಸಣ್ಣ ತಪ್ಪನ್ನು ಒಬ್ಬ ಮನುಷ್ಯ ಯಾಕೆ ಬಿಡಲಿಲ್ಲ ಎಂದು ಅವನು ತನ್ನ ಮಾತಿನಲ್ಲಿಯೇ ಕೇಳಬಹುದು.